ಚಿನ್ನದ ರೇಕು

ಅಪ್ಪ ಹದ್ದು ಬರೆಯುತ್ತಿದ್ದ.
ಅರಮನೆಗೆ ಸಾಬೂನು ಒದಗಿಸುವವನ ಅಂಗಡಿಗೆ,
ಮದ್ದಿನಂಗಡಿಗೆ, ಕೈಗವಸು ಹೊಲಿಯುವ ಜರ್ಮನನಿಗೆ.
ಎರಡು ತಲೆ, ಮೂರು ಕಿರೀಟ,
ಒಂದು ಕಾಲಲ್ಲಿ ದಂಡ, ಇನ್ನೊಂದರಲ್ಲಿ ಗೋಳ.
ರೇಕು ಹಚ್ಚುವಾಗ ಉಸಿರು ಬಿಗಿಹಿಡಿಯಬೇಕು,
ಸೀನಿದರೆ ತಿಂಗಳ ಕೂಲಿ ಗಾಳಿಗೆ.
ಹಾಗಾಗಿ ನಮ್ಮ ಮನೆಯಲ್ಲಿ
ತ್ಸಾರನ ಮುಂದೆ ಉಸಿರು ಕಟ್ಟುವುದು
ಭಕ್ತಿಯಲ್ಲ, ಕಸುಬು.

ಭಕ್ತಿ ಇದ್ದದ್ದು ಅಜ್ಜಿ ಫೆಯೋನಾಳಿಗೆ.
ದೊರೆಗೆ ಗೊತ್ತಿಲ್ಲ ಕಣೇ, ಗೊತ್ತಾದರೆ ಬಿಟ್ಟಾನೆಯೇ,
ಎನ್ನುತ್ತ ಆ ಜನವರಿಯ ಭಾನುವಾರ
ಸಂತ ನಿಕೊಲಾಯನ ಪಟ ಎದೆಗವಚಿ ಹೋದಳು.
ಮನವಿ ಓದಿ ಹೇಳುವವರಿದ್ದರಂತೆ, ಕೇಳುವವನಿರಲಿಲ್ಲ.
ಸಂಜೆ ಪಟವನ್ನು ಬೇರೆ ಯಾರೋ ತಂದುಕೊಟ್ಟರು.
ಸಂತನ ಕೆನ್ನೆಯಲ್ಲಿ ನನ್ನ ಬೆರಳು ತೂರುವಷ್ಟು ತೂತು.
ಅಪ್ಪ ಅಂಟುಮೇಣ ಕಲಸಿದ, ಬಹಳ ಹೊತ್ತು ಕೂತ,
ಡಬ್ಬಿಯ ಮುಚ್ಚಳ ಹಾಕಿದ.
ಮರುವಾರ ಏಣಿ ಹೊತ್ತು
ಹದ್ದು ಬರೆಯಲು ಹೋದ. ಹೊಟ್ಟೆ ಇದೆಯಲ್ಲ.

ಆಮೇಲೆ ಯುದ್ಧ. ಅಣ್ಣ ತೀಖೊನ್ ಬರೆದ:
"ಮೂವರಿಗೊಂದು ಬಂದೂಕು. ಮುಂದಿನವನು ಬಿದ್ದರೆ ನನ್ನ ಪಾಳಿ.
ಒಳ್ಳೆಯವನು, ರಾತ್ರಿ ಹಾಡುತ್ತಾನೆ.
ಕಾಲ್ಚೀಲ ಕಳಿಸಿ."
ಕಳಿಸಿದೆವು. ಹಿಂದಿರುಗಿ ಬಂತು, ಕಟ್ಟು ಬಿಚ್ಚದೆ.

ಹದಿನೇಳರ ಚಳಿಗಾಲ,
ಬೆಳಗಿನ ಮೂರು ಗಂಟೆಗೇ ಸಾಲು.
ಅಮ್ಮನ ತೋಳಿನ ಮೇಲೆ ಸೀಮೆಸುಣ್ಣದಲ್ಲಿ ನೂರ ಹದಿನಾರು.
ಬೇಕರಿಯ ಲೂಕಿಚ್‌ಗೆ ದಿನಾ ಕಾಗದ ಅಂಟಿಸಿ ಬೇಜಾರು,
ಗಟ್ಟಿ ಹಲಗೆ ಬೇಕೆಂದ. ಅಪ್ಪ ಬರೆದುಕೊಟ್ಟ,
ನೀಲಿಯ ಮೇಲೆ ಬಿಳಿ, ಅಂಚಿಗೆ ಬಳ್ಳಿ:
ರೊಟ್ಟಿ ಇಲ್ಲ.
ನಾಲ್ಕು ಗಂಟೆ ನಿಂತು ತಲೆಯೆತ್ತಿದ ಅಮ್ಮ
ಅಕ್ಷರದ ಕೊಂಕಿನಲ್ಲೇ ಗಂಡನ ಕೈ ಗುರುತಿಸಿದಳು.
ಮೊದಲ ಹಿಮಗಡ್ಡೆ ಎಸೆದದ್ದು ಅವಳು.

ಇದನ್ನು ಯಾರೂ ಬರೆದಿಡುವುದಿಲ್ಲ. ನಾನು ಕಂಡದ್ದು ಇಷ್ಟು:
ನಮ್ಮ ನೂಲಿನ ಗಿರಣಿ ಮಧ್ಯಾಹ್ನಕ್ಕೆ ಖಾಲಿ.
ಸೇತುವೆಗೆ ಪೊಲೀಸರು, ನಾವು ಹೆಪ್ಪುಗಟ್ಟಿದ ನದಿಗಿಳಿದೆವು.
ಆಚೆ ದಡದಲ್ಲಿ ಕೊಸಾಕರು ಅಡ್ಡ ನಿಂತಿದ್ದರು.
ಒಬ್ಬ, ಮೀಸೆ ಇನ್ನೂ ಮೂಡದವ,
ಲಗಾಮು ಬಿಗಿದು ಬೇರೆಲ್ಲೋ ನೋಡಿದ.
ನಾನು ಅವನ ಕುದುರೆಯ ಹೊಟ್ಟೆಯಡಿ ನುಸುಳಿದೆ.
ಬೆಚ್ಚಗಿತ್ತು.
ಮುನ್ನೂರು ವರ್ಷದ ಸಿಂಹಾಸನದ ಕೆಳಗೆ
ಅಷ್ಟೊಂದು ಜಾಗವಿತ್ತೆಂದು ಯಾರಿಗೆ ಗೊತ್ತಿತ್ತು?

ವಾರ ಕಳೆಯಿತು. ಅದೇ ಏಣಿ, ಅದೇ ಅಂಗಡಿಗಳು,
ಅಪ್ಪ ಹದ್ದು ಕೆರೆಯುತ್ತಿದ್ದ.
ಕೆಳಗೆ ಜನ ಟೋಪಿ ಹಾರಿಸಿ ಕೂಗಿದರು.
"ಏಣಿ ಹಿಡಕೊಳ್ಳಿ," ಎಂದನಷ್ಟೇ.
ಚಕ್ಕೆ ಎದ್ದ ಚಿನ್ನ ಅವನ ಹುಬ್ಬಿನಲ್ಲಿ, ಉಗುರಿನಲ್ಲಿ,
ರಾತ್ರಿ ಗಂಜಿಯ ಬಟ್ಟಲಲ್ಲೂ ಒಂದು ಚೂರು ತೇಲಿತು.
ಸಾಬೂನಿನವನ ಮರದ ಹದ್ದನ್ನು ಮಾತ್ರ
ಗೋಣಿಯಲ್ಲಿ ಸುತ್ತಿ ಮಂಚದಡಿ ತಳ್ಳಿದ.
"ಕೆಲಸ ಚೆನ್ನಾಗಿ ಬಂದಿತ್ತು, ಅದಕ್ಕೆ."

ಮುಂದೆ ಕೆಂಪು ಬಣ್ಣಕ್ಕೇ ಬರ.
ಬೀದಿಗಳು ಹೆಸರು ಬದಲಿಸಿದವು, ಅಪ್ಪನಿಗೆ ಕೈತುಂಬ ಕೆಲಸ,
ಕೂಲಿಗೆ ಬದಲು ಉಪ್ಪುಮೀನಿನ ತಲೆ.
ನೆರೆಮನೆಯ ಅಣ್ಣತಮ್ಮಂದಿರು
ಒಬ್ಬ ಬಿಳಿಯರ ಕಡೆ, ಒಬ್ಬ ಕೆಂಪರ ಕಡೆ,
ಅವರ ತಾಯಿ ಇಬ್ಬರಿಗೂ ಒಂದೇ ಮೇಣದ ಬತ್ತಿ ಹಚ್ಚುತ್ತಿದ್ದಳು,
ಮೇಣ ಸಿಗದ ಕಾಲಕ್ಕೆ.

ಹತ್ತೊಂಬತ್ತರ ಚಳಿಗೆ
ಬೇಲಿ ಸುಟ್ಟೆವು, ಮೆಟ್ಟಿಲ ಕಟಕಟೆ ಸುಟ್ಟೆವು,
ಲೂಕಿಚ್ ಓಡಿಹೋದ ಮೇಲೂ ತೂಗುತ್ತಿದ್ದ ಆ ಹಲಗೆ ಸುಟ್ಟೆವು,
ಕೊನೆಗೆ ಮಂಚದಡಿಯ ಗೋಣಿ.
ಒಂದು ತಲೆ ಬೇಗ ಹತ್ತಿತು, ಇನ್ನೊಂದು ಹೊಗೆಯಾಡುತ್ತಲೇ ಇತ್ತು.
ಆಲೂಗಡ್ಡೆ ಸಿಪ್ಪೆ ಬೆಂದಿತು.
ಅಪ್ಪ ಕಡ್ಡಿಯಿಂದ ಬೂದಿ ಕೆದಕಿ ಚಿನ್ನ ಹುಡುಕಿದ.
ಸಾಸಿವೆಯಷ್ಟೂ ಇಲ್ಲ.
"ಇಷ್ಟೇನಾ ಇದ್ದದ್ದು?"

ಅಮ್ಮನನ್ನು ಕೇಳಿದೆ:
ಆ ಗಡ್ಡೆ ಎಸೆಯಬಾರದಿತ್ತು ಅನಿಸುತ್ತದೆಯೇ?
ಸಿಪ್ಪೆ ಅಗಿಯುವುದನ್ನು ನಿಲ್ಲಿಸಿದಳು.
"ಇನ್ನೂ ದೊಡ್ಡದು ಎಸೆಯಬೇಕಿತ್ತು.
ಸಾಲು ಬಿಟ್ಟೆನಲ್ಲ, ಅದೊಂದೇ.
ನೂರ ಹದಿನಾರು.
ನಾನು ತಿರುಗುವಷ್ಟರಲ್ಲಿ ಅಲ್ಲಿ ಬೇರೆಯವರು ನಿಂತಿದ್ದರು."