ಉಗುರು ತಡೆದರ

ಮೊದಲ ಉಗುರಿಲೆ ನೋಡಬೇಕು.
ಗೀರಿನ ಮ್ಯಾಲೆ ಅಡ್ಡ ಎಳೀಬೇಕು, ಮೆಲ್ಲಕ.
ಜಾರಿದರ ಮ್ಯಾಲಿನ ಪದರದ್ದು,
ಉಜ್ಜಿದರ ಹೋಗತೈತಿ.
ತಡೆದರ ಆಳ ಐತಿ.
ನಂದು ನಾಕು ಕಡೆ ಜಾರಿತು,
ಒಂದು ಕಡೆ ತಡೀತು.

ರಬಕವಿಯೊಳಗ ನೂಲಿಗೆ ಬಣ್ಣ ಹಾಕೂದು ನನ್ನ ಕಸಬು.
ಇಪ್ಪತ್ತಾರು ವರ್ಷ ಕುದಿಯೂ ನೀರಿನ ಮುಂದ ನಿಂತವಗ
ಬಣ್ಣ ತಿಳಿಯೂದಿಲ್ಲ ಅಂದರ ಯಾರು ನಂಬತಾರ?
ಜಮಖಂಡಿಯವರ ಕಡಿಂದ ತಗೊಂಡ ಹಳೀ ಕಾರು,
ಮೂರನೇ ಮಾಲಕ ನಾನು.
ಅದರ ಬಣ್ಣ, ಏನಂತ ಹೇಳಲಿ,
ಜ್ವಾಳದ ಹಿಟ್ಟಿನ್ಯಾಗ ಒಂದು ಚಿಟಿಕಿ ಬೂದಿ ಬಿದ್ದಂಗ.
ಬಾಗಿಲದ ಒಳಗ ಅಂಟಿಸಿದ ಚೀಟಿ ಮಾತ್ರ ಅದಕ್ಕ
ಮೂರು ಅಕ್ಷರ, ಒಂದು ಅಂಕಿ ಅಂತೈತಿ.

ಸಂಶೆ ಬಂದದ್ದು ಮುರಗೆಪ್ಪನ ಎಮ್ಮಿ ಮ್ಯಾಲೆ.
ದಿನಾ ಸಂಜಿಕೆ ಕಾರಿನ ಬಾಜೂಕ ಹಾಯತೈತಿ,
ಕೋಡು ಅಗಲ, ನಡಿಗಿ ಅದಕ್ಕಿಂತ ಅಗಲ.
"ನಿನ್ನ ಎಮ್ಮಿಗೆ ಲೈಸನ್ಸ್ ಐತೇನು?" ಅಂದೆ.
ನಗತಾನಂತ ತಿಳದಿದ್ದೆ.
"ಓಣಿ ನಿಮ್ಮಪ್ಪ ಬರಸಿಕೊಂಡಾನೇನು?" ಅಂದ.
ಅಲ್ಲಿಗೆ ಮಾತು ನಿಂತು ಒಂಬತ್ತು ದಿನ.
ಹಗಲೆಲ್ಲ ಮಗ್ಗದ ಸಪ್ಪಳದಾಗ ಗೊತ್ತಾಗತಿರಲಿಲ್ಲ;
ಕರೆಂಟ್ ಹೋತಂದ್ರ
ಅಂವಾ ಮಾತಾಡದೇ ಇರೂದು ಗ್ವಾಡಿ ದಾಟಿ ಕೇಳತಿತ್ತು.

ರವಿವಾರ ಬಿಸಲು ಏರೂಕಿಂತ ಮೊದಲ ಕುಂತೆ.
ಕಾದ ಪತ್ರಾಕ್ಕ ಬಣ್ಣ ಹಿಡಿಯೂದಿಲ್ಲ,
ನೂಲು ಹಂಗಲ್ಲ, ಅದಕ್ಕ ಕಾವ ಬೇಕು.
ಹತ್ತರ ತನಕ ನೆರಳು ಕೊಡೂದು ಮುರಗೆಪ್ಪನ ಬೇವು,
ಕೇಳದೇ ತಗೊಂಡೆ.
ಶಾಂಪೂ ನೀರು, ಹಳೀ ಪಂಜೆ,
ಎರಡು ಸಾವಿರ ನಂಬರಿನ ಪಾಲಿಶ್ ಪೇಪರು
ತಾಸುಗಟ್ಟಲೆ ನೆನಸಿದ್ದು.
ಬೆರಳಿನ ಭಾರ ಸಾಕು, ಕೈಯ ಭಾರ ಬ್ಯಾಡ.
ಸಣ್ಣ ನಾಕೂ ಮಂಜಾಗಿ, ಮಸಕಾಗಿ,
ಪಾಲಿಶು ಹಚ್ಚಿ ತಿಕ್ಕಿದಂಗ ತಿಕ್ಕಿದಂಗ ಹೋದವು.

ಐದನೇದಕ್ಕ ಬಾಟಲಿ ತಗದೆ.
ಹಲ್ಲುಕಡ್ಡಿಯ ತುದೀಲೆ ಹನಿ ಹನಿ ಇಳಿಸಿದೆ,
ಹಸುಗೂಸಿಗೆ ಗುಟ್ಟಿ ಹಾಕಿದಂಗ.
ಬಿಳಚಿತು!
ಚೀಟಿ ನಂಬರ ಕೊಟ್ಟು ಹುಬ್ಬಳ್ಳಿಯಿಂದ ತರಿಸಿದ್ದು,
ಸುಣ್ಣದ ಗೆರಿ ಹೊಡದಂಗ ಕಂಡಿತು.
ಬೈಕೋತ ಒರಸಾಕ ಹೋದೆ.
ಖಾನ್ಯಾಗ ನೂಲು ಹಿಂಡೂ ಲಾಲಬಿ,
ಬೀಗದ ಕೈ ಒಯ್ಯಾಕ ಬಂದಾಕಿ, ಅಂದಳು:
"ಹಸಿ ಬಣ್ಣದ ಸಾಕ್ಷಿ ತಗೋಬ್ಯಾಡ ಅಂತ
ನನಗ ಕಲಿಸಿದವರು ನೀವ ಅಲ್ಲೇನ್ರಿ?"

ಕಾಲು ಜೋಮು ಹಿಡದಿತ್ತು.
ಎದ್ದೆ. ಗಾಡಿಗೆ ಸೊಂಟ ಆನಿಸಿ
ಪ್ಯಾಂಟಿನ ಹುಕ್ಕಿನಿಂದ ಗೊಂಚಲ ಬಿಡಿಸಾಕ ಹೋದೆ.
ಕಿರ್ ಅಂತು.

ಲಾಲಬಿ ಬಗ್ಗಿ ನೋಡಿದಳು. ನಾನೂ ನೋಡಿದೆ.
ಗೋದಾಮಿನ ಹಿತ್ತಾಳಿ ಕೈ,
ಹಲ್ಲು ಹೊರಗ ಹಾಕಿಕೊಂಡು,
ಗೀರಿನ ಎತ್ತರಕ್ಕ ಸರಿಯಾಗಿ.

ದಿನಾ ಸಂಜಿಕೆ ಚಾದ ಕಪ್ಪು ಹಿಡಕೊಂಡು
ನಾನು ಆನಿ ನಿಲ್ಲೂ ಜಾಗ ಅದು.
ಎದುರಿಗೆ ಕಟ್ಟಿ ಮ್ಯಾಲೆ ಮುರಗೆಪ್ಪ.
ಅಂವಾ ಮಾತಾಡಂವಾ, ನಾ ಅಲ್ಲಾಡಂವಾ.
ಆ ದೊಡ್ಡದು ಯಾವಾಗ ಬಿತ್ತು ಅನ್ನೂದೂ ನೆನಪಾತು:
ಅಂವನ ಷಡ್ಡಕ ಬೀಗರ ಮನಿಯಂತ
ಬ್ಯಾರೇ ಮನಿಗೆ ಹೋಗಿ ಉಂಡು ಬಂದದ್ದು ಹೇಳಿದ ದಿನ.
ನಕ್ಕು ನಕ್ಕು ನಾನು ಗಾಲಿ ತನಕ ಜಾರಿದ್ದೆ.

"ನಗಬ್ಯಾಡ," ಅಂದೆ ಲಾಲಬಿಗೆ.
ಆಕಿ ಸೆರಗು ಬಾಯಿಗೆ ಒತ್ತಿ
ಕೈಗೊಂಚಲ ತಗೊಂಡು ಹೋದಳು.

ಬಣ್ಣ ಒಣಗಿದ ಮ್ಯಾಲೆ ಸಮೀಪ ಬಂತು.
ಪೂರಾ ಅಲ್ಲ.
ಡಬ್ಬಿ ತಳದಾಗ ಬೆರಳಷ್ಟು ಪಾಲಿಶು.
ಮುರಗೆಪ್ಪನ ಸ್ಕೂಟರ್ ಅಂವನ ಬಾಗಿಲದಾಗ ನಿಂತಿತ್ತು,
ಮಡಗಾರ್ಡಿಗೆ ಯಾವದೋ ಕಾಲದ ಗೀರು.
ಹೋಗಿ ಕುಂತು ಉಜ್ಜಾಕ ಹತ್ತಿದೆ.

ಅಂವಾ ಹೊರಗ ಬಂದ.
ಎಮ್ಮಿ ಸೈತ ಕತ್ತು ಹೊರಳಿಸಿತು.
"ಏನಿದು?"
"ಉಳದಿತ್ತು," ಅಂದೆ.

ಭಾಳ ಹೊತ್ತು ನಿಂತ.
ಆಮ್ಯಾಲೆ ಬಗ್ಗಿ ಹೆಬ್ಬೆರಳಿನ ಉಗುರು ಎಳದು ನೋಡಿ,
"ಇನ್ನೂ ತಡೀತೈತಿ," ಅಂದ.
ಒಳಗ ಮುಖ ಮಾಡಿ, "ಎರಡು ಚಾ."

ಹಸಿ ಕಡೆ ಬಿಟ್ಟು
ಈ ಕಡೆ ಆನಿ ನಿಂತೆ,
ಸೊಂಟ ಹಗುರ.