ಕಾಲಿಲ್ಲದ ಜಿರಾಫೆಗಳು

ಹಾರ್ಲಿಂಗನ್ನಿನ ಫೆಬ್ರವರಿ ಗಾಳಿಗೆ
ಬಾಗಿಲು ತೆರೆಯುವುದೂ ಒಂದು ಕುಸ್ತಿ.
ಬೌಕ್ಯೆ ಒಳಗಿಂದ ಎಳೆದಳು, ನಾನು ಹೊರಗಿಂದ ದೂಡಿದೆ;
ಕಂಕುಳಲ್ಲಿದ್ದ ಬಟ್ಟೆ ತುಣುಕುಗಳ ಪುಸ್ತಕ
ಹೊಸಿಲ ಮೇಲೆ ಬಿದ್ದು ತಾನೇ ತೆರೆದುಕೊಂಡಿತು.

ಅವಳದು ಸೇತುವೆ ಎತ್ತುವ ಕೆಲಸ, ರಾತ್ರಿಪಾಳಿ.
ಸೀಗಡಿ ದೋಣಿಗಳು ಕೊಂಬು ಊದಿದರೆ
ಗುಂಡಿ ಒತ್ತಿ ರಸ್ತೆಯನ್ನೇ ಆಕಾಶಕ್ಕೆ ನಿಲ್ಲಿಸುತ್ತಾಳೆ.
ಬೆಳಗ್ಗೆ ಏಳಕ್ಕೆ ಮನೆ. ಆಮೇಲೆ ಮಲಗಬೇಕು.
ಆದರೆ ಈ ಕಿಟಕಿಗೆ ನೂರು ವರ್ಷದಿಂದ
ಪರದೆ ಎಂಬುದೇ ಇಲ್ಲ.
'ಮುಚ್ಚಿಡುವಂಥದ್ದು ನಮ್ಮಲ್ಲೇನಿದೆ?'
ಇದು ಅವಳ ಅತ್ತೆಯ ಮಾತು, ಅತ್ತೆಯ ಅತ್ತೆಯ ಮಾತು.
ಬೀದಿಯಲ್ಲಿ ಹೋಗುವ ಯಾರೂ ನೋಡಬಹುದು:
ದೀಪ, ಎರಡು ಕುಂಡ, ಬೆಕ್ಕು,
ಬೆಕ್ಕಿನ ಪಕ್ಕ ಗಂಡ ವೀಬ್ರನ್‌ನ ಬೊಕ್ಕತಲೆ.
'ನಿದ್ದೆಯನ್ನಾದರೂ ಮುಚ್ಚಿಡಬೇಡವೆ?
ನಾನು ಬಾಯಿ ತೆರೆದು ಮಲಗುತ್ತೇನೆ' ಅಂದಳು.

ನಾನು ಉತ್ತರ ಕೊಡಲಿಲ್ಲ.
ನನ್ನ ಕಸುಬು ಅಗಲ, ಉದ್ದ, ಅಷ್ಟೆ.

ಬಟ್ಟೆಯ ಟೇಪು ಬೇಡ, ಅದು ಹಿಗ್ಗುತ್ತದೆ,
ಮುಲಾಜಿಗೆ ಬೀಳುತ್ತದೆ. ಉಕ್ಕಿನದ್ದೇ ಸರಿ.
ಒಂದು ತುದಿ ಅವಳ ಕೈಗೆ ಕೊಟ್ಟೆ.
ಮೇಲೆ 1412.
ನಡುವೆ 1409.
ಕೆಳಗೆ 1403.
'ನಮ್ಮ ಮನೆ ವಾಲಿದೆಯೆ?' ಅಡಿಗೆಮನೆಯಿಂದ ವೀಬ್ರನ್.
ಇಲ್ಲಿ ಎಲ್ಲ ಮನೆಗಳೂ ವಾಲಿವೆ, ಕೆಳಗಿರುವುದು ಕೆಸರು;
ಕಿಟಕಿ ಚೌಕ ಅನ್ನುವುದು ಕಣ್ಣು ತೋರುವ ಸೌಜನ್ಯ.
ಹಾಸಿಗೆ ಇದ್ದಷ್ಟು ಕಾಲು, ಹಾಗೆಯೇ
ಚೌಕಟ್ಟಿನೊಳಗೆ ಕೂರುವ ಬ್ಲೈಂಡಿಗೆ
ಮೂರರಲ್ಲಿ ಚಿಕ್ಕದನ್ನೇ ಹಿಡಿಯಬೇಕು.

'ಹಾಗಾದರೆ ಮೇಲೆ ಸಂದು ಉಳಿಯುತ್ತದೆ.'
ಉಳಿಯುತ್ತದೆ. ಬೆಂಕಿಕಡ್ಡಿಯಷ್ಟು ಬೆಳಕು.
'ನನಗೆ ಪೂರ್ತಿ ಕತ್ತಲೆ ಬೇಕಿತ್ತು.'
ಹಾಗಿದ್ದರೆ ಬ್ಲೈಂಡಿನ ಮುಂದೆ ಪರದೆಯೂ ಬೇಕು,
ಎರಡೂ ಕಡೆ ಗೋಡೆಯ ಮೇಲೆ ಒಂದೊಂದು ಗೇಣು,
ನೆರಿಗೆಗೆಂದು ಅಗಲದ ಎರಡರಷ್ಟು ಬಟ್ಟೆ,
ಒಳಗೆ ಕಪ್ಪು ಅಸ್ತರು, ಅಂಚಿನಲ್ಲಿ ಸೀಸದ ಗುಂಡು.
ಬೆಲೆ ಹೇಳಿದೆ.
ಅಡಿಗೆಮನೆಯಲ್ಲಿ ಚಮಚದ ಸದ್ದು ನಿಂತಿತು.
'ಕಡ್ಡಿಯಷ್ಟು ಬೆಳಕು ತಾನೆ, ಇರಲಿ ಬಿಡಿ.'

ಬಣ್ಣಕ್ಕೆ ಮುಕ್ಕಾಲು ಗಂಟೆ.
ತುಣುಕುಗಳನ್ನು ಗಾಜಿಗೆ ಹಿಡಿದಳು, ದಿಂಬಿನ ಮೇಲೆ ಹಾಸಿದಳು,
ಬೆಕ್ಕಿನ ಬೆನ್ನಿಗೆ ಇಟ್ಟು ನೋಡಿದಳು.
ಅಳೆದೂ ಸುರಿದೂ ಕೊನೆಗೆ ಬಂದದ್ದು
ಹೊಸಿಲ ಮೇಲೆ ತೆರೆದಿದ್ದ ಅದೇ ಪುಟಕ್ಕೆ.
ನಂಬರು ಮುನ್ನೂರ ಹದಿನೇಳು:
ಕಡಲು ಹಿಂದೆ ಸರಿದಾಗ ಹಸಿ ಕೆಸರಿನ ಮೇಲೆ
ಅರೆಗಳಿಗೆ ನಿಲ್ಲುವ ಸಂಜೆಯ ತಾಮ್ರ.

'ನಿಮ್ಮ ಮನೆಯಲ್ಲಿ ಯಾವುದಿದೆ?' ಎಲ್ಲರೂ ಕೇಳುತ್ತಾರೆ.
ಸಾದಾ ಬಿಳಿ ಅನ್ನುತ್ತೇನೆ. ಸುಳ್ಳು.
ನನ್ನ ಮನೆಯಲ್ಲಿ ತೂಗುವುದೆಲ್ಲ ನನ್ನ ತಪ್ಪುಗಳು.
ಅಳತೆಗೆ ಹೊಲಿದದ್ದನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳರು.
ಬಚ್ಚಲಿಗೆ ಹಲ್ಲಿನ ಡಾಕ್ಟರ ಹಸಿರು ಪಟ್ಟೆ,
ಮಲಗುವ ಕೋಣೆಗೆ ಬೋಲ್ಸ್‌ವರ್ಡಿನ ಯಾವುದೋ ಕೂಸಿನ
ಕಾಲಿಲ್ಲದ ಜಿರಾಫೆಗಳು,
ಹಜಾರಕ್ಕೆ ಪಾದ್ರಿಯ ಮಖಮಲ್ಲು, ನೆಲಕ್ಕೆ ನಾಲ್ಕು ಬೆರಳು ಕಮ್ಮಿ.
(ಆತ ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆಯುತ್ತಿದ್ದೆ.)
ಇಪ್ಪತ್ತಾರು ವರ್ಷ, ಏಳು ಕಿಟಕಿ.
ಅಡಿಗೆಮನೆಯದೊಂದೇ ಇನ್ನೂ ಬರಿದು.
ಅದರ ಅಗಲ ಬಾಯಿಪಾಠ: 1408.

ಪೆನ್ಸಿಲು ಚೀಟಿಯ ಮೇಲಿತ್ತು.
ಮೂರಂಕಿಯ ಬಾಯಿ ಮುಚ್ಚಿದರೆ ಸಾಕು, ಎಂಟು.
ಐದು ಮಿಲಿಮೀಟರು. ಅವಳ ಚೌಕಟ್ಟಿಗೆ ಹೊಗದು,
ಕಂಪನಿ ಗೊಣಗಿ ಇನ್ನೊಂದು ಮಾಡಿಕೊಡುತ್ತದೆ,
ಈ ತಾಮ್ರ ನನ್ನ ಬೆಳಗಿನ ಕಾಫಿಯ ಮೇಲೆ ಬೀಳುತ್ತದೆ.
ವೀಬ್ರನ್ ಬಿಸ್ಕತ್ತು ತಂದಿಟ್ಟ. ಬೆಕ್ಕು ನನ್ನನ್ನೇ ನೋಡಿತು.

'ಆ ತುದಿ ಇನ್ನೊಮ್ಮೆ ಹಿಡಿಯಿರಿ' ಅಂದೆ.
ಮಂಡಿಯೂರಿ ಕೆಳಗಿನದನ್ನು ಮತ್ತೆ ಅಳೆದೆ.
1403.
ಬರೆದೆ, ಮೂರರ ಎರಡೂ ಬಾಯಿ
ಅಗಲವಾಗಿ ತೆರೆದು,
ಹಗಲಲ್ಲಿ ನಿದ್ದೆಹೋದವರ ಹಾಗೆ.