ಕುಡಿಕಿ

ಆರು ತಿಂಗಳು ಗುಳಿಗಿ ನುಂಗಿದೆ.
ಖಾಕಿ ಕೋಟು ದಿನಾ ಸಡಿಲ.
"ಸಿಹಿ ಭಾಳ ತಿಂದಿ" ಅಂದ್ರು ರಾಯಚೂರು ಡಿಪೋದಾಗ.
ತಿಂದದ್ದು ನನಗ ನೆನಪಿಲ್ಲ.
ಸಿರವಾರಕ್ಕೊಂದು ಬಾಟ್ಲಿ ನೀರು, ಕವಿತಾಳಕ್ಕೊಂದು,
ಲಿಂಗಸುಗೂರಿಗೆ ಬರೋದ್ರಾಗ ನಾಲಗಿ ಮತ್ತ ಬೆಂಡು.

ಹೊಸ ಡಾಕ್ಟರಮ್ಮ ರಕ್ತ ಇನ್ನೊಮ್ಮೆ ಕಳಿಸಿದ್ಲು:
"ಟೈಪ್ ಒನ್. ಮೈ ಕಾಯೋರೇ
ಮನಿ ಮಂದೀನ ಕಳ್ಳರಂತ ಹೊಡದಾರ."
"ಅದು ಸಣ್ಣ ಹುಡುಗರಿಗಲ್ಲೇನ್ರಿ?"
"ಮೂವತ್ತೊಂಬತ್ತಕ್ಕೂ ಬರ್ತದ ಮಾಬುಬೀ. ನಿನ್ನ ತಪ್ಪಿಲ್ಲ."

ಆ ಕೊನೀ ಮಾತಿಗೆ ಅತ್ತುಬಿಟ್ಟೆ.

ಮೇ ತಿಂಗಳು. ಕರೆಂಟು ಹೋಗ್ಯದ.
ಹಸಿ ಮರಳಿನ ನಡುವ ಮಣ್ಣಿನ ಕುಡಿಕಿ,
ಅದರೊಳಗ ಇನ್ಸುಲಿನ್ ಸೀಸೆ.
ತಾಸಿಗೊಮ್ಮೆ ಮುಚ್ಚಳ ತೆಗೆದು ಮುಟ್ಟಿ ನೋಡ್ತೀನಿ,
ಜ್ವರ ಬಂದ ಕೂಸಿನ ಹಣಿ ಮುಟ್ಟಿದಂಗ.

ರೊಟ್ಟಿ ಎಷ್ಟು, ಸೂಜಿ ಎಷ್ಟು.
ಚಿಲ್ಲರ ಎಣಿಸಿದ ಕೈ ಇದು,
ಇನ್ನೂ ತಪ್ಪತದ.